ಇದು ಮಾರ್ಷಲ್ ಅಲ್ವಂತೆ

ನಿನ್ನೆ ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಲ್ಯಾಪ್‌ಟಾಪಲ್ಲಿ ಮಾರ್ಷಲ್ ಜೆಟಿಎಂ45 ಅನ್ನೋ ಹಳೇ ಗಿಟಾರ್ ಆಂಪ್ಲಿಫೈಯರ್ (ಆಂಪ್) ಸೌಂಡನ್ನ ನಕಲು ಮಾಡೋ ಸಾಫ್ಟ್‌ವೇರ್ ಮಾಡೆಲ್ ಒಂದನ್ನ ತಿದ್ತಾ ಕೂತಿದ್ದೆ, ಟ್ರೆಬಲ್ ಇಳಿಸಿ, ಕ್ಯಾಬ್ ಐಆರ್ (ಸ್ಪೀಕರ್ ಡಬ್ಬದ ಸೌಂಡ್ ಹಿಡಿದಿಟ್ಟ ಫೈಲು) ತೆಗ್ದು ಫೆಂಡರ್ ಕಂಪನಿ ಕ್ಯಾಬಿಂದು ಹಾಕಿದ್ರೆ ಆಹಾ ಅನ್ನಿಸ್ತು, ಫ್ರೆಂಡ್‌ಗೆ ಕ್ಲಿಪ್ ಕಳಿಸಿದ್ರೆ "ಚೆನ್ನಾಗಿದೆ ಮಗಾ, ಆದ್ರೆ ಇದು ಮಾರ್ಷಲ್ ಅಲ್ಲ" ಅಂದ. ನಿಜಾನೇ. ಆದ್ರೆ ಅವ್ನೂ ನಾನೂ ಅಸಲಿ ಜೆಟಿಎಂ45 ಮುಂದೆ ನಿಂತು ಕೇಳಿದೋರೇ ಅಲ್ಲ, ಕೇಳಿರೋದೆಲ್ಲ ಮೈಕ್ ಇಟ್ಟು ರೆಕಾರ್ಡ್ ಮಾಡಿ ಮಿಕ್ಸ್ ಮಾಡಿದ್ದು.

ತಮಾಷೆ ಏನಂದ್ರೆ ಆ ಆಂಪ್ ಹುಟ್ಟಿದ್ದೇ ಕಾಪಿಯಾಗಿ. 1962ರ ಸುಮಾರಿಗೆ ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯವ್ರು ಅಮೆರಿಕದ ಫೆಂಡರ್ ಬಾಸ್‌ಮನ್ ಆಂಪಿನ ಸರ್ಕ್ಯೂಟನ್ನ ಹೆಚ್ಚುಕಮ್ಮಿ ಹಾಗೇ ಇಳಿಸಿದ್ರು, ಆದ್ರೆ ಮೊದಲನೇ ವಾಲ್ವು (ಸಿಗ್ನಲ್ ದೊಡ್ಡದು ಮಾಡೋ ಗಾಜಿನ ಟ್ಯೂಬು) 12ಎವೈ7 ಬದ್ಲು ಜಾಸ್ತಿ ಗೇನ್ ಇರೋ, ಅಂದ್ರೆ ಸಿಗ್ನಲ್ ಇನ್ನೂ ಏರಿಸೋ ಇಸಿಸಿ83, ಟ್ರಾನ್ಸ್‌ಫಾರ್ಮರ್ ಇಂಗ್ಲೆಂಡಲ್ಲೇ ಸಿಕ್ಕಿದ್ದು, ಹಿಂದೆ ತೆರೆದಿರೋ ಡಬ್ಬದ 10 ಇಂಚಿನ 4 ಸ್ಪೀಕರ್ ಬದ್ಲು ಮುಚ್ಚಿದ ಕ್ಯಾಬಿನೆಟ್ಟಲ್ಲಿ 12 ಇಂಚಿನ 4 ಸೆಲೆಶನ್ ಕಂಪನಿ ಸ್ಪೀಕರ್. ಸೌಂಡೇ ಬೇರೆ ಆಯ್ತು, ಜನಕ್ಕೆ ಅದೇ ಹಿಡಿಸ್ತು. ಇನ್ನು ಆ ಬಾಸ್‌ಮನ್ ಮಾಡಿದ್ದೂ ಮಾಮೂಲಿ ಗಿಟಾರಿಗಲ್ಲ, ಬಾಸ್ ಗಿಟಾರಿಗೆ, ಹೆಸರಲ್ಲೇ ಇದೆಯಲ್ಲಾ ಸ್ವಾಮಿ!

ಹಾಗಂತ ಮಾಡೆಲ್ ಹೆಂಗಿದ್ರೂ ನಡಿಯತ್ತೆ ಅಂತಲ್ಲ, ಗಿಟಾರಲ್ಲಿ ವಾಲ್ಯೂಮ್ ಇಳಿಸಿದ್ರೆ ಕ್ಲೀನ್ ಆಗ್ಬೇಕು, ಜೋರಾಗಿ ಮೀಟಿದ್ರೆ ಗುರ್ ಅನ್ಬೇಕು, ಅದಿಲ್ಲ ಅಂದ್ರೆ ನಂಗೂ ಬೇಜಾರೇ. ಟ್ರೆಬಲ್ ಮಾತ್ರ ಏರಿಸಲ್ಲ, ಕಿವಿ ನಂದು. ಈ ಸೆಟ್ಟಿಂಗನ್ನ "ಮಾರ್ಷಲ್ ಅಲ್ಲ" ಅಂತಾನೇ ಸೇವ್ ಮಾಡಿದೀನಿ.