ಸೇವ್ ಉಳಿಯದ ಆರ್‌ಪಿಜಿ: ಗೇಮ್‌ಬಾಯ್ ಕಾರ್ಟ್ ಟೆಸ್ಟಿಂಗ್‌ನಲ್ಲಿ ಬ್ಯಾಟರಿಯ ಮೇಲೆ ಗೂಬೆ ಕೂರಿಸಿದ ಮಧ್ಯಾಹ್ನ

ಗೋಲ್ಡ್ ಬಿಲ್ಡ್‌ಗೆ (ಮಾರಾಟಕ್ಕೆ ಹೋಗುವ ಕೊನೆಯ ಆವೃತ್ತಿಗೆ) ಸೈನ್‌ಆಫ್ ಆದಮೇಲೆ ಹಾರ್ಡ್‌ವೇರ್ ಪಾಸ್, ಅಂದರೆ ನಿಜವಾದ ಯಂತ್ರದ ಮೇಲಿನ ಪರೀಕ್ಷೆ, ಇಟ್ಟುಕೊಳ್ಳುವ ಪದ್ಧತಿ ನಿಲ್ಲಬೇಕು. ಇದನ್ನು ಬರೆಯುತ್ತಿರುವುದೇ ಅದಕ್ಕೆ.

ತಂಡದ ಕೈಯಲ್ಲಿದ್ದದ್ದು ನಿಂಟೆಂಡೊದ ಹಳೆಯ ಕೈಯಂತ್ರ ಗೇಮ್‌ಬಾಯ್‌ಗೆ ಹೊಸದಾಗಿ ಬರೆದ ಒಂದು ಆರ್‌ಪಿಜಿ (ಪಾತ್ರವಾಗಿ ಆಡುವ ಕಥೆಯಾಟ), ಕಾರ್ಟ್ ರೂಪದಲ್ಲಿ, ಅಂದರೆ ಯಂತ್ರಕ್ಕೆ ಸಿಕ್ಕಿಸುವ ಆಟದ ಕಾರ್ಟ್ರಿಜ್. ಜಿಬಿಡಿಕೆ-2020 ಎಂಬ ಸಿ ಭಾಷೆಯ ಉಪಕರಣದಲ್ಲಿ ಬರೆದ ಕೋಡ್, ಎಂಬಿಸಿ5 (ಕಾರ್ಟ್‌ನ ಮೆಮೊರಿಯನ್ನು ತುಂಡು ತುಂಡಾಗಿ ಸಿಪಿಯುಗೆ ತೆರೆದು ಕೊಡುವ ಚಿಪ್) ಇರುವ ಬೋರ್ಡ್, 1 ಎಂಬಿ ರೋಮ್, 32 ಕೆಬಿ ಸೇವ್ ರ‍್ಯಾಮ್, ಅದನ್ನು ಜೀವಂತ ಇಡಲು ಸಿಆರ್2032 ಬ್ಯಾಟರಿ. ಎಮ್ಯುಲೇಟರ್‌ನಲ್ಲಿ (ಗೇಮ್‌ಬಾಯ್ ಅನುಕರಿಸುವ ಕಂಪ್ಯೂಟರ್ ಪ್ರೋಗ್ರಾಂನಲ್ಲಿ) ರಿಗ್ರೆಷನ್ ಪರೀಕ್ಷೆಗಳು ಪೂರ್ತಿ ಹಸಿರು. ಬೋರ್ಡ್‌ಗಳು ಬಂದಮೇಲೆ ಡಿಎಂಜಿ (ಮೊದಲ ಗೇಮ್‌ಬಾಯ್), ಪಾಕೆಟ್, ಕಲರ್, ಅಡ್ವಾನ್ಸ್ ಎಸ್‌ಪಿ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಸ್ಮೋಕ್ ಟೆಸ್ಟ್ ಶುರುವಾಯಿತು. ಸೇವ್ ಮಾಡು, ಆಫ್ ಮಾಡು, ಆನ್ ಮಾಡು, ಮುಂದುವರಿಸು. ಊಟದ ಹೊತ್ತಿಗೆ ಒಂದು ಕಾರ್ಟ್‌ನಲ್ಲಿ ನಾಯಕನ ಹೆಸರಿನ ಜಾಗದಲ್ಲಿ ಬಾಗಿಲಿನ ಟೈಲ್ (ಪರದೆಯ ಚಿಕ್ಕ ಚಿತ್ರತುಂಡು) ಕಂಡಿತು. ಎರಡು ಹೆಜ್ಜೆ ನಡೆಸಿದರೆ ಪರದೆ ಖಾಲಿ. ಸ್ವಲ್ಪ ಹೊತ್ತಿಗೆ ಇನ್ನೊಂದರಲ್ಲೂ ಅದೇ ಗತಿ.

"ಮೊದಲು ಬ್ಯಾಟರಿ ನೋಡ್ರಪ್ಪ," ಅಂದರು ಲೀಡ್. ಯಾರೂ ಎದುರಾಡಲಿಲ್ಲ. ಸೇವ್ ಹೋಯಿತು ಅಂದರೆ ಬ್ಯಾಟರಿ ಅನ್ನುವುದು ಹಳೆಯ ಕಾರ್ಟ್ ಮುಟ್ಟಿದ ಎಲ್ಲರಿಗೂ ಬಾಯಿಪಾಠ. ಮಲ್ಟಿಮೀಟರ್ ಹಿಡಿದರೆ ಎಲ್ಲ ಬ್ಯಾಟರಿಯೂ 3 ವೋಲ್ಟ್‌ಗಿಂತ ಮೇಲೆ. ಆದರೂ ಅನುಮಾನ ಹೋಗಲಿಲ್ಲ. ಟ್ಯಾಬ್‌ನ ಬೆಸುಗೆ ಸಡಿಲ ಇರಬಹುದು ಎಂದು ಮತ್ತೆ ಬೆಸುಗೆ ಹಾಕಿದ್ದಾಯಿತು. ಕಾರ್ಟ್‌ನ ಅಂಚಿನ ಕಾಂಟ್ಯಾಕ್ಟ್‌ಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದ್ದಾಯಿತು. ಬ್ಯಾಟರಿ ಸರಬರಾಜು ಮಾಡಿದವರಿಗೆ ಖಾರದ ಮೇಲ್ ಕೂಡ ಡ್ರಾಫ್ಟ್ ಆಗಿತ್ತು. ಮಧ್ಯಾಹ್ನವೆಲ್ಲ ಅದಕ್ಕೇ ಹೋಯಿತು. ಅಷ್ಟರಲ್ಲಿ ಮ್ಯಾನೇಜ್‌ಮೆಂಟ್‌ನಿಂದ ಪದೇ ಪದೇ ಒಂದೇ ಪ್ರಶ್ನೆ: ಬ್ಯಾಚ್ ಪ್ಯಾಕಿಂಗ್‌ಗೆ ಬಿಡಬಹುದಾ, ಇಲ್ಲವಾ?

ದಾರಿ ತೋರಿಸಿದ್ದು ತಂಡದ ಕಿರಿಯ ಟೆಸ್ಟರ್ ಕೇಳಿದ ಒಂದು ಮಾತು. "ಸರ್, ಬ್ಯಾಟರಿ ಸತ್ತಿದ್ದರೆ ಪೂರ್ತಿ ಹೋಗಬೇಕಿತ್ತಲ್ವಾ? ಇಲ್ಲಿ ಲೆವೆಲ್, ದುಡ್ಡು ಎಲ್ಲ ಸರಿ ಇದೆ, ಹೆಸರು ಮಾತ್ರ ಹೋಗಿದೆ."

ಮೊದಲು ನೋಡಬೇಕಾದದ್ದು ಅದನ್ನೇ. ಬೆಸುಗೆ ಕಡ್ಡಿ ಎತ್ತುವ ಮೊದಲು ಕಾರ್ಟ್ ಅನ್ನು ಕಂಪ್ಯೂಟರ್‌ನಲ್ಲಿ ಓದಿಸುವ ಜಿಬಿಎಕ್ಸ್‌ಕಾರ್ಟ್‌ನಂಥ ರೀಡರ್‌ಗೆ ಹಾಕಿ ಸೇವ್ ರ‍್ಯಾಮ್ ಡಂಪ್ (ಪೂರ್ತಿ ನಕಲು) ತೆಗೆಯಬೇಕು. ಅದೇ ಕಾರ್ಟ್‌ನ ಹಿಂದಿನ ಸರಿಯಾದ ಡಂಪ್ ಜೊತೆ ಬೈಟ್ ಬೈಟ್ ಹೋಲಿಸಬೇಕು. ಬ್ಯಾಟರಿ ಕೈಕೊಟ್ಟರೆ 32 ಕೆಬಿಯ ಉದ್ದಕ್ಕೂ ಕಸ ತುಂಬಿರುತ್ತದೆ. ಬೆರಳೆಣಿಕೆಯ ಬೈಟ್‌ಗಳು ಮಾತ್ರ ಬದಲಾಗಿ ಸುತ್ತಲಿನದೆಲ್ಲ ನೆಟ್ಟಗಿದ್ದರೆ ಯಾರೋ ಆ ವಿಳಾಸಗಳಿಗೆ ಬರೆದಿದ್ದಾರೆ ಎಂದೇ ಅರ್ಥ. ನಮ್ಮ ಡಂಪ್‌ನಲ್ಲಿ ಇದ್ದದ್ದು ಎರಡನೆಯದು.

ಬರೆದದ್ದು ಸಿಪಿಯುನೇ, ಅದೂ ಸಾಯುವ ಗಳಿಗೆಯಲ್ಲಿ. ಪವರ್ ಸ್ವಿಚ್ ಸರಿಸಿದ ಕೂಡಲೇ 5 ವೋಲ್ಟ್ ಒಮ್ಮೆಗೇ ಸೊನ್ನೆ ಆಗುವುದಿಲ್ಲ, ಕೆಪಾಸಿಟರ್‌ಗಳು ಖಾಲಿಯಾಗುವ ತನಕ ಇಳಿಯುತ್ತಾ ಹೋಗುತ್ತದೆ. ಆ ಇಳಿಜಾರಿನಲ್ಲಿ ಸಿಪಿಯು ರೋಮ್‌ನಿಂದ ತಪ್ಪು ಬೈಟ್ ಓದಿ, ತಪ್ಪು ಆಜ್ಞೆ ನಡೆಸಿ, ಎಲ್ಲೆಲ್ಲೋ ಬರೆಯಬಹುದು. ಹಳೆಯ ಡಿಎಂಜಿ, ಕಲರ್‌ಗಳ ಸ್ವಿಚ್ ಒಳಗೆ ಕಿಲುಬು ಹಿಡಿದಿದ್ದರೆ ಇನ್ನೂ ಕಷ್ಟ, ಆಫ್ ಆಗುವಾಗ ವಿದ್ಯುತ್ ಎರಡು ಮೂರು ಸಲ ಮಿಡುಕುತ್ತದೆ. ನಿಂಟೆಂಡೊದ ಹಳೆಯ ಬ್ಯಾಟರಿ ಕಾರ್ಟ್‌ಗಳಲ್ಲಿ ಎಂಎಂ1026 ಅಥವಾ ಎಂಎಂ1134 ತರಹದ ಪುಟ್ಟ ಚಿಪ್ ಇರುತ್ತಿತ್ತು. ವೋಲ್ಟೇಜ್ ಇಳಿಯುವುದನ್ನು ನೋಡಿಕೊಂಡು ಸೇವ್ ರ‍್ಯಾಮ್‌ನ ಬಾಗಿಲು ಮುಚ್ಚಿ, ಅದನ್ನು ಬ್ಯಾಟರಿಗೆ ಒಪ್ಪಿಸುವುದು ಅದರ ಕೆಲಸ. ಅಗ್ಗದ ಬೋರ್ಡ್‌ಗಳಲ್ಲಿ ಆ ಚಿಪ್ ಇರುವುದಿಲ್ಲ, ಎರಡು ಡಯೋಡ್‌ಗಳಲ್ಲಿ ಕೆಲಸ ಮುಗಿಸಿರುತ್ತಾರೆ. ಬೋರ್ಡ್ ಆರ್ಡರ್ ಮಾಡುವಾಗ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ನಮ್ಮಲ್ಲಿ ಖರೀದಿ ಮಾಡಿದವರು ಬೆಲೆ ಮಾತ್ರ ಕೇಳಿದ್ದರು.

ಇಷ್ಟಾದರೂ ಸಾಫ್ಟ್‌ವೇರ್ ಶಿಸ್ತಿನಿಂದಿದ್ದರೆ ಸೇವ್ ಬಹುಮಟ್ಟಿಗೆ ಉಳಿಯುತ್ತದೆ. ಎಂಬಿಸಿ5ರಲ್ಲಿ ಸೇವ್ ರ‍್ಯಾಮ್ ತೆರೆಯಬೇಕಾದರೆ ಹೆಕ್ಸ್ (ಹದಿನಾರರ ಎಣಿಕೆ) 0000ದಿಂದ 1ಎಫ್‌ಎಫ್‌ಎಫ್ ವರೆಗಿನ ಯಾವುದಾದರೂ ವಿಳಾಸಕ್ಕೆ 0ಎ ಬರೆಯಬೇಕು, ಮುಚ್ಚಲು 00. ಮುಚ್ಚಿದ್ದಾಗ ಸೇವ್ ಕಾಣುವ ಎ000ದಿಂದ ಬಿಎಫ್‌ಎಫ್‌ಎಫ್ ವರೆಗಿನ ವಿಳಾಸಗಳಿಗೆ ಏನು ಬರೆದರೂ ಚಿಪ್‌ಗೆ ಮುಟ್ಟುವುದಿಲ್ಲ. ದಿಕ್ಕುಗೆಟ್ಟ ಸಿಪಿಯು ಅಕಸ್ಮಾತ್ತಾಗಿ ಸರಿಯಾದ ವ್ಯಾಪ್ತಿಗೆ ಸರಿಯಾಗಿ 0ಎ ಬರೆದು, ಆಮೇಲೆ ಸೇವ್ ಮೇಲೆ ಕೈ ಹಾಕುವ ಸಾಧ್ಯತೆ ತೀರಾ ಕಡಿಮೆ. ನಮ್ಮ ಆಟದಲ್ಲಿ ಈ ಬಾಗಿಲು ಬೂಟ್ ಆದಾಗ ತೆರೆದದ್ದು, ಆಮೇಲೆ ಮುಚ್ಚಲೇ ಇಲ್ಲ. ಕಾರಣವೂ ಇತ್ತು. ಡಿಎಂಜಿಯ ಕೆಲಸದ ರ‍್ಯಾಮ್ ಬರೀ 8 ಕೆಬಿ. ಊರುಗಳಲ್ಲಿ, ಗುಹೆಗಳಲ್ಲಿ ಇರುವ ಜನ, ಪೆಟ್ಟಿಗೆ, ಬಾಗಿಲು ಎಲ್ಲ ಸೇರಿ 640 ವಸ್ತುಗಳು, ಒಂದೊಂದಕ್ಕೆ 4 ಬೈಟ್ ಅಂದರೆ 2,560 ಬೈಟ್. ಅಷ್ಟು ಜಾಗ ಸಿಗದೆ, ಸೇವ್ ಕೂತಿದ್ದ ಬ್ಯಾಂಕ್ 0ಯ (ಆ 32 ಕೆಬಿಯ ಮೊದಲ 8 ಕೆಬಿ ತುಂಡಿನ) ಉಳಿದ ಭಾಗವನ್ನೇ ಚಿತ್ತುಕಾಗದದ ಹಾಗೆ ಬಳಸಿದ್ದರು. ಆಟ ನಡೆದಷ್ಟು ಹೊತ್ತೂ ಬಾಗಿಲು ತೆರೆದೇ ಇರಬೇಕಿತ್ತು.

ಸರಿಪಡಿಸಿದ್ದು ಹೀಗೆ. ಜನರ ಸ್ಥಾನ, ದಿಕ್ಕು ನೆನಪಿಡುವುದನ್ನು ಬಿಟ್ಟು, ಆ ಊರಿಗೆ ಕಾಲಿಟ್ಟಾಗ ರೋಮ್‌ನಿಂದಲೇ ಮತ್ತೆ ತುಂಬುವುದು. ಪೆಟ್ಟಿಗೆ ತೆರೆದಿದೆಯೇ, ಬಾಗಿಲ ಬೀಗ ತೆಗೆದಿದೆಯೇ ಎಂಬುದಕ್ಕೆ ತಲಾ ಒಂದು ಬಿಟ್ ಸಾಕು. 640 ವಸ್ತುಗಳಿಗೆ 80 ಬೈಟ್, ಅದು ಕೆಲಸದ ರ‍್ಯಾಮ್‌ನಲ್ಲಿ ಸುಲಭವಾಗಿ ಹಿಡಿಯುತ್ತದೆ. ಆಮೇಲೆ ಸೇವ್ ರ‍್ಯಾಮ್ ತೆರೆಯುವುದು, ಮುಚ್ಚುವುದು ಎರಡೂ ಒಂದೇ ಫಂಕ್ಷನ್ ಒಳಗೆ. ಬೇರೆ ಯಾವ ಫೈಲ್‌ನಲ್ಲಾದರೂ ಅದನ್ನು ತೆರೆಯುವ ಮ್ಯಾಕ್ರೊ (ಕೋಡ್‌ನ ತುಣುಕಿಗೆ ಇಟ್ಟ ಚಿಕ್ಕ ಹೆಸರು) ಕಂಡರೆ ಬಿಲ್ಡ್ ಫೇಲ್ ಆಗಬೇಕು.

ಎರಡನೇ ದೋಷ ಈ ಹುಡುಕಾಟದಲ್ಲೇ ಹೊರಬಿತ್ತು. ಸೇವ್ ಇದೆಯೋ ಇಲ್ಲವೋ ಎಂದು ಆಟ ನೋಡುತ್ತಿದ್ದದ್ದು ಒಂದೇ ಒಂದು ಗುರುತಿನ ಬೈಟ್. ಹೊಸ ಕಾರ್ಟ್‌ಗೆ ಮೊದಲ ಸಲ ಬ್ಯಾಟರಿ ಹಾಕಿದಾಗ ರ‍್ಯಾಮ್‌ನಲ್ಲಿ ಏನಿರುತ್ತದೆ ಎಂದು ಯಾರೂ ಹೇಳಲಾಗದು. ಒಂದು ಬೈಟ್ ಅಂದರೆ 256 ಮೌಲ್ಯಗಳಲ್ಲಿ ಒಂದು. ಆ ಕಸವೇ ಗುರುತಿಗೆ ಹೊಂದಿಬಿಟ್ಟರೆ, ಡಬ್ಬಿ ಒಡೆದು ಮೊದಲ ಸಲ ಆನ್ ಮಾಡಿದವರಿಗೇ 'ಮುಂದುವರಿಸಿ' ಕಾಣುತ್ತದೆ.

ಇದಕ್ಕೆ ಪಾಠ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಪೊಕೆಮಾನ್ ಹಳೆಯ ಆಟಗಳನ್ನು ಅಭಿಮಾನಿಗಳು ಸಾಲು ಸಾಲಾಗಿ ಬಿಡಿಸಿ, ಮತ್ತೆ ಅದೇ ರೋಮ್ ಹುಟ್ಟುವಂಥ ಅಸೆಂಬ್ಲಿ ಬರೆದಿಟ್ಟ 'ಪ್ರೆಟ್' ಗುಂಪಿನ ಕೆಲಸ ಎಲ್ಲರಿಗೂ ತೆರೆದಿದೆ. ಅದರ 'ಪೊಕೆಕ್ರಿಸ್ಟಲ್' ('ಪೊಕೆಮಾನ್ ಕ್ರಿಸ್ಟಲ್' ಆಟದ ಕೋಡ್) ತೆಗೆದು ಸೇವ್ ಭಾಗ ಓದಿ. ಗುರುತಿಗೆ 99 ಮತ್ತು 127 ಎಂಬ ಎರಡು ಮೌಲ್ಯ, ಜೊತೆಗೆ 16 ಬಿಟ್ ಚೆಕ್‌ಸಮ್ (ದತ್ತಾಂಶ ಕೆಟ್ಟಿದೆಯೇ ಎಂದು ತಾಳೆ ನೋಡುವ ಮೊತ್ತ), ಇಡೀ ಸೇವ್‌ಗೆ ಒಂದು ಬ್ಯಾಕಪ್ ಪ್ರತಿ. ಮೂಲ ಪ್ರತಿ ಕೆಟ್ಟಿದ್ದರೆ ಬ್ಯಾಕಪ್ ಓದುತ್ತದೆ, ಎರಡೂ ಕೆಟ್ಟಿದ್ದರೆ ಮಾತ್ರ ಆಟಗಾರನಿಗೆ ಕೆಟ್ಟ ಸುದ್ದಿ. ಹೊಸ ಗೇಮ್‌ಬಾಯ್ ಆಟ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪಠ್ಯ ನನಗೆ ಗೊತ್ತಿಲ್ಲ. ಅಭಿಮಾನಿಗಳ ಕೆಲಸವನ್ನು ಕಾಲಹರಣ ಎನ್ನುವ ಮೀಟಿಂಗ್‌ಗಳಲ್ಲಿ ಈ ಫೈಲನ್ನೇ ಪರದೆ ಮೇಲೆ ತೆರೆದು ತೋರಿಸಬೇಕು.

ನಮ್ಮ ಆಟಕ್ಕೆ ಈಗಿರುವ ವ್ಯವಸ್ಥೆಯಲ್ಲಿ ಎರಡು ಸ್ಲಾಟ್, ಎರಡೂ ಬೇರೆ ಬೇರೆ 8 ಕೆಬಿ ಬ್ಯಾಂಕ್‌ಗಳಲ್ಲಿ. ಒಂದು ಬ್ಯಾಂಕ್ ಆಯ್ಕೆಯಾಗಿದ್ದಾಗ ನಡೆದ ಅನಾಹುತ ಇನ್ನೊಂದಕ್ಕೆ ತಾಗಬಾರದು. ಪ್ರತಿ ಸ್ಲಾಟ್‌ನಲ್ಲಿ 4 ಬೈಟ್ ಗುರುತು, 1 ಬೈಟ್ ಆವೃತ್ತಿ, 1 ಬೈಟ್ ಸರದಿ ಸಂಖ್ಯೆ, 2 ಬೈಟ್ ಉದ್ದ, ಆಮೇಲೆ ದತ್ತಾಂಶ, ಕೊನೆಗೆ 2 ಬೈಟ್ ಸಿಆರ್‌ಸಿ-16 (ಬರೀ ಮೊತ್ತಕ್ಕಿಂತ ಬಿಗಿಯಾದ ತಾಳೆ ಸಂಖ್ಯೆ). ಬರೆಯುವುದು ಯಾವಾಗಲೂ ಹಳೆಯ ಸ್ಲಾಟ್‌ಗೆ, ಕ್ರಮವೂ ಮುಖ್ಯ: ಮೊದಲು ಆ ಸ್ಲಾಟ್‌ನ ಗುರುತು ಅಳಿಸು, ದತ್ತಾಂಶ ಬರೆ, ಸಿಆರ್‌ಸಿ ಬರೆ, ಎಲ್ಲ ಆದಮೇಲೆ ಗುರುತು. ನಡುವೆ ಕರೆಂಟ್ ಹೋದರೂ ಇನ್ನೊಂದು ಸ್ಲಾಟ್‌ನಲ್ಲಿ ಹಿಂದಿನ ಸೇವ್ ಹಾಗೇ ಇರುತ್ತದೆ. ಸರದಿ ಸಂಖ್ಯೆ 255ರ ನಂತರ 0ಗೆ ತಿರುಗುತ್ತದೆ, ಆದ್ದರಿಂದ ಯಾವುದು ದೊಡ್ಡದು ಎಂದು ನೇರ ನೋಡಬಾರದು. ಒಂದರಿಂದ ಇನ್ನೊಂದು ಕಳೆದು, 8 ಬಿಟ್‌ನಲ್ಲಿ ಉಳಿದದ್ದು 1 ಆದರೆ ಅದೇ ಹೊಸದು.

ಬರೀ ಕೂಡಿಸುವ ಚೆಕ್‌ಸಮ್‌ನಲ್ಲಿ ಒಂದು ಗುಂಡಿ ಇದೆ. ಪೂರ್ತಿ ಸೊನ್ನೆ ತುಂಬಿದ ರ‍್ಯಾಮ್‌ನ ಮೊತ್ತವೂ ಸೊನ್ನೆ, ಪಕ್ಕದಲ್ಲಿರುವ ಚೆಕ್‌ಸಮ್ ಜಾಗವೂ ಸೊನ್ನೆ, ಅಂದರೆ ಅದು ಸರಿಯಾದ ಸೇವ್ ಎಂದು ಪಾಸಾಗುತ್ತದೆ. ಎರಡು ಬೈಟ್ ಅದಲುಬದಲಾದರೂ ಮೊತ್ತಕ್ಕೆ ಗೊತ್ತಾಗದು. ಸಿಆರ್‌ಸಿ-16ಗೆ ರೋಮ್‌ನಲ್ಲಿ 512 ಬೈಟ್ ಕೋಷ್ಟಕ ಬೇಕು, 1 ಎಂಬಿಯಲ್ಲಿ ಅದು ಲೆಕ್ಕಕ್ಕೇ ಇಲ್ಲ. ಅದರ ಆರಂಭದ ಮೌಲ್ಯವನ್ನು ಮಾತ್ರ ಸೊನ್ನೆ ಇಡಬೇಡಿ, ಇಟ್ಟರೆ ಪೂರ್ತಿ ಸೊನ್ನೆಯದು ಮತ್ತೆ ಪಾಸಾಗುತ್ತದೆ.

ಸಮಯದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇದರ ಮೇಲೆ ಜಗಳವೇ ಆಯಿತು. ದತ್ತಾಂಶ 1,536 ಬೈಟ್. ಅಸೆಂಬ್ಲಿಯ ಸರಳ ನಕಲು ಲೂಪ್‌ಗೆ ಬೈಟ್‌ಗೆ 13 ಮೆಷಿನ್ ಸೈಕಲ್, ಒಟ್ಟು 19,968. ಸೆಕೆಂಡಿಗೆ 1,048,576 ಸೈಕಲ್ ಇರುವ ಯಂತ್ರದಲ್ಲಿ ಅದು ಸುಮಾರು 19 ಮಿಲಿಸೆಕೆಂಡ್, ಒಂದು ಫ್ರೇಮ್‌ನ 16.7ಕ್ಕಿಂತ ತುಸು ಜಾಸ್ತಿ. ಇಷ್ಟು ಹೊತ್ತು ಇಂಟರಪ್ಟ್ (ನಡೆಯುತ್ತಿರುವ ಕೆಲಸ ತಡೆದು ಬೇರೆ ಕೆಲಸ ಮಾಡಿಸುವ ಸಂಕೇತ) ಮುಚ್ಚಿದರೆ ಸಂಗೀತ ತೊದಲುತ್ತದೆ. ಮುಚ್ಚುವ ಅಗತ್ಯವೂ ಇಲ್ಲ: ಸಂಗೀತದ ಹ್ಯಾಂಡ್ಲರ್ ರ‍್ಯಾಮ್ ಬ್ಯಾಂಕ್ ಮುಟ್ಟದೆ, ರೋಮ್ ಬ್ಯಾಂಕ್ ಬದಲಿಸಿದ್ದನ್ನು ತಾನೇ ವಾಪಸ್ ಇಟ್ಟರೆ ಸಾಕು. ಎಂಬಿಸಿ5ರ ಬ್ಯಾಂಕ್ ರಿಜಿಸ್ಟರನ್ನು ಓದಲು ಬರುವುದಿಲ್ಲ, ಹಾಗಾಗಿ ಈಗ ಯಾವ ಬ್ಯಾಂಕ್ ಎಂಬುದನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಲೇಬೇಕು.

ಎಮ್ಯುಲೇಟರ್‌ನಲ್ಲಿ ಇದೆಲ್ಲ ಯಾಕೆ ಕಾಣಲಿಲ್ಲ? ಅಲ್ಲಿ ಆಫ್ ಆಗುವುದು ಅಂದರೆ ಎರಡು ಆಜ್ಞೆಗಳ ನಡುವೆ ಅಚ್ಚುಕಟ್ಟಾಗಿ ನಿಲ್ಲುವುದು, ಇಳಿಯುವ ವೋಲ್ಟೇಜ್ ಇಲ್ಲ. ಹೊಸ ಸೇವ್ ಫೈಲ್ ಸಾಮಾನ್ಯವಾಗಿ ಒಂದೇ ಮೌಲ್ಯದಿಂದ ತುಂಬಿರುತ್ತದೆ. ಅದಕ್ಕಿಂತ ದೊಡ್ಡ ಕಾರಣ ಸೇವ್‌ಸ್ಟೇಟ್. ಟೆಸ್ಟರ್‌ಗಳೆಲ್ಲ ಬಾಸ್ ಮುಂದೆ ಸೇವ್‌ಸ್ಟೇಟ್ ಇಟ್ಟುಕೊಂಡು ಆಡುತ್ತಾರೆ. ಅದು ಇಡೀ ಯಂತ್ರದ ಸ್ಥಿತಿಯನ್ನು ಹಿಡಿದಿಡುವುದರಿಂದ ಆಟದ ಸ್ವಂತ ಸೇವ್ ಕೋಡ್ ಓಡುವುದೇ ಇಲ್ಲ. ಎಸ್‌ಡಿ ಕಾರ್ಡ್‌ನಿಂದ ಆಟ ಓಡಿಸುವ ಫ್ಲ್ಯಾಶ್ ಕಾರ್ಟ್‌ನಲ್ಲಿ ಪರೀಕ್ಷಿಸಿದರೂ ಸಾಲದು: ಅದರ ವಿದ್ಯುತ್ ಸರ್ಕ್ಯೂಟ್ ಬೇರೆ, ಅದು ಸೇವನ್ನು ಎಸ್‌ಡಿ ಕಾರ್ಡ್‌ಗೆ ಎತ್ತಿಡುತ್ತದೆ. ಮಾರುವ ಬೋರ್ಡ್ ಯಾವುದೋ ಅದರಲ್ಲೇ ಆಡಿ ನೋಡಬೇಕು.

ರೋಮ್‌ನ ಹೆಡರ್ (ಕಾರ್ಟ್‌ನಲ್ಲಿ ಏನೇನಿದೆ ಎಂದು ಹೇಳುವ ಬೈಟ್‌ಗಳು) ಕೂಡ ನೋಡಿಕೊಳ್ಳಿ. ಹೆಕ್ಸ್ 0147ರಲ್ಲಿ 1ಬಿ ಇದ್ದರೆ ಎಂಬಿಸಿ5, ರ‍್ಯಾಮ್, ಬ್ಯಾಟರಿ ಮೂರೂ ಇದೆ ಎಂದರ್ಥ. 1ಎ ಆದರೆ ಬ್ಯಾಟರಿ ಇಲ್ಲ. 0149ರಲ್ಲಿ 03 ಇದ್ದರೆ 32 ಕೆಬಿ, 02 ಆದರೆ 8 ಕೆಬಿ. ಎಮ್ಯುಲೇಟರ್ ಈ ಬೈಟ್‌ಗಳನ್ನು ನಂಬುತ್ತದೆ, ಬೋರ್ಡ್ ತನ್ನ ತಂತಿಗಳನ್ನು ಮಾತ್ರ ನಂಬುತ್ತದೆ. ಒಂದು ಕಡೆ ಉಳಿದ ಸೇವ್ ಇನ್ನೊಂದು ಕಡೆ ಉಳಿಯದಿದ್ದರೆ ಮೊದಲು ಇಲ್ಲಿ ನೋಡಿ.

ಈಗ ನಮ್ಮ ಟೆಸ್ಟ್ ಪ್ಲಾನ್‌ನಲ್ಲಿ ಮೊದಲ ಪ್ಲೇಯಬಲ್ ಬಿಲ್ಡ್‌ನಿಂದಲೇ ಇವು ಇವೆ: 32,768 ಯಾದೃಚ್ಛಿಕ ಬೈಟ್ ತುಂಬಿದ ಸೇವ್ ಫೈಲ್ ಕೊಟ್ಟು ಬೂಟ್ ಮಾಡುವುದು, ಪೂರ್ತಿ ಸೊನ್ನೆಯದು, ಪೂರ್ತಿ ಎಫ್‌ಎಫ್‌ನದು, ಹಿಂದಿನ ಆವೃತ್ತಿಯದು. ನಕಲು ಲೂಪ್ ಒಳಗೆ ಬ್ರೇಕ್‌ಪಾಯಿಂಟ್ ಇಟ್ಟು, ಬೇರೆ ಬೇರೆ ಬೈಟ್‌ನಲ್ಲಿ ನಿಲ್ಲಿಸಿ ರೀಸೆಟ್ ಮಾಡುವುದು. ಇದಕ್ಕೆ ಎಮ್ಯುಲಿಶಿಯಸ್ ಅಥವಾ ಬಿಜಿಬಿ ಎಂಬ ಎಮ್ಯುಲೇಟರ್‌ನ ಡಿಬಗ್ಗರ್ ಸಾಕು. ಕಾರ್ಟ್ ಮೇಲೆ, ನಡೆಯುವಾಗ, ಜಗಳದ ನಡುವೆ, ಮೆನು ತೆರೆದಾಗ ಸ್ವಿಚ್ ಆಫ್ ಮಾಡಿ ಪ್ರತಿ ಸಲವೂ ಡಂಪ್ ಹೋಲಿಸುವುದು. ಬೇಕೆಂದೇ ಕಿಲುಬು ಸ್ವಿಚ್ ಇರುವ ಒಂದು ಕನ್ಸೋಲ್ ಇಟ್ಟುಕೊಂಡಿದ್ದೇವೆ, ಅದನ್ನು ಸ್ವಚ್ಛ ಮಾಡಬಾರದು ಎಂದು ಚೀಟಿ ಅಂಟಿಸಿದೆ.

ಶೆಡ್ಯೂಲ್ ಶೀಟ್‌ನಲ್ಲಿ 'ಸೇವ್/ಲೋಡ್' ಎಂಬುದು ಒಂದೇ ಸಾಲು, ಡಬ್ಬಿಯ ಚಿತ್ರಕ್ಕೆ ಮಾತ್ರ ರಿವ್ಯೂ ಮೇಲೆ ರಿವ್ಯೂ. ಇದಕ್ಕೆ ನನಗೆ ಈಗಲೂ ಸಿಟ್ಟು ಬರುತ್ತದೆ. ಇಂಥ ಆಟಗಳನ್ನು ಕೊಳ್ಳುವವರು ಕೆಲವೇ ಜನ. ಅವರಲ್ಲಿ ಒಬ್ಬರ ಎಂಟು ಗಂಟೆಯ ಆಟ ಅಳಿಸಿಹೋದರೆ ಅವರು ಟಿಕೆಟ್ ಹಾಕುವುದಿಲ್ಲ, ಸುಮ್ಮನೆ ಕಾರ್ಟ್ ತೆಗೆದು ಡ್ರಾಯರ್‌ಗೆ ಹಾಕುತ್ತಾರೆ. ಪ್ಯಾಚ್ ಕಳಿಸಲು ಇದು ಸ್ಟೀಮ್‌ನಂಥ ಆನ್‌ಲೈನ್ ಅಂಗಡಿಯ ಆಟ ಅಲ್ಲ. ಅಫಿನಿಕ್ಸ್ ತಂಡದ 'ಇನ್ಫಿನಿಟಿ'ಯನ್ನೇ ನೋಡಿ: ಗೇಮ್‌ಬಾಯ್ ಕಲರ್‌ಗೆ 1999ರಿಂದ 2001ರವರೆಗೆ ಬರೆದ ಆರ್‌ಪಿಜಿ, ಮುಗಿಯದೆ ನಿಂತು, 2016ರಲ್ಲಿ ಅಪೂರ್ಣ ರೋಮ್ ಆಗಿ ಉಚಿತವಾಗಿ ಹೊರಬಂತು. ಅದನ್ನು ಮುಗಿಸಿ ಕಾರ್ಟ್ ಆಗಿ ತರಲು 2021ರಲ್ಲಿ ಜನರೇ ಹಣ ಹಾಕಿದರು. ಅಷ್ಟು ವರ್ಷ ಕಾಯುವ ಆಟಗಾರರು ಇರುವ ಕ್ಷೇತ್ರ ಇದು. ಅವರ ಸೇವ್ ಉಳಿಸುವುದು ಒಂದು ಸಾಲಿನ ಕೆಲಸ ಅಲ್ಲ.

ಮುಂದಿನ ಬ್ಯಾಚ್‌ಗೆ ಬ್ಯಾಟರಿಯೇ ಬೇಡದ ಎಫ್‌-ರ‍್ಯಾಮ್ ಹಾಕೋಣ ಎಂಬ ಮಾತು ನಡೆದಿದೆ. ಹಾಕಬಹುದು, ಆದರೆ ದಾರಿತಪ್ಪಿದ ಬರಹವನ್ನು ಎಫ್‌-ರ‍್ಯಾಮ್ ಕೂಡ ಅಷ್ಟೇ ನಿಷ್ಠೆಯಿಂದ ಉಳಿಸಿಕೊಳ್ಳುತ್ತದೆ. ವೋಲ್ಟೇಜ್ ಕಾಯುವ ಚಿಪ್, ಬಾಗಿಲು ಮುಚ್ಚುವ ಕೋಡ್ ಎರಡೂ ಆಗಲೂ ಬೇಕು. ಬ್ಯಾಟರಿಯೇ ಉಳಿದರೆ ಕೈಪಿಡಿಯಲ್ಲಿ ಅದರ ಮಾದರಿ ಅಚ್ಚು ಹಾಕಿ, ಟ್ಯಾಬ್ ಇರುವುದನ್ನೇ ಕೊಳ್ಳಬೇಕು ಎಂದು ಬರೆಯಿರಿ. ಹಳೆಯದನ್ನು ಬಿಚ್ಚಿದ ಕೂಡಲೇ ಸೇವ್ ಹೋಗುತ್ತದೆ, ಆದ್ದರಿಂದ ಮೊದಲು ಡಂಪ್ ತೆಗೆದಿಟ್ಟು, ಹೊಸದು ಹಾಕಿದಮೇಲೆ ವಾಪಸ್ ಬರೆಯಬೇಕು ಎಂಬುದನ್ನು ದಪ್ಪ ಅಕ್ಷರದಲ್ಲೇ ಹಾಕಿ.