ದುರ್ಗದ ಕಾಡಲ್ಲಿ ಹೂ ನೋಡೋಕೆ ಯಾವಾಗ ಬರಬೇಕು?

ಶಿವರಾತ್ರಿಯಿಂದ ಭರಣಿ ಮಳೆಯವರೆಗೆ, ಅಂದರೆ ಹೆಚ್ಚುಕಡಿಮೆ ಫೆಬ್ರವರಿ ಕೊನೆಯಿಂದ ಮೇ ಮೊದಲ ಭಾಗದವರೆಗೆ. ಉತ್ತರ ಇಷ್ಟೇ. ಫೋನಿನಲ್ಲಿ, ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ದುರ್ಗ ಅಂದರೆ ತುಮಕೂರಿನ ಪಕ್ಕದ ದೇವರಾಯನದುರ್ಗ.

ಪ್ರಶ್ನೆಗೊಂದು ಬಾಲ ಇರುತ್ತದೆ: "ಫುಲ್ ಹೂ ಇರೋದು ಯಾವ ವಾರ? ಬಂದ್ರೆ ವೇಸ್ಟ್ ಆಗಲ್ಲ ತಾನೆ?" ಸಿಟ್ಟು ಬರುವುದು ಈ ಬಾಲಕ್ಕೆ. ಕೇಳುವವರ ಮನಸ್ಸಿನಲ್ಲಿ ಯಾವುದೋ ಫೋಟೋ ಕೂತಿರುತ್ತದೆ, ಗುಡ್ಡದ ತುಂಬ ಜಮಖಾನ ಹಾಸಿದ ಹಾಗೆ ಹೂ. ಇದು ಎಲೆ ಉದುರಿಸುವ ಒಣಕಾಡು, ಅಂಚಿಗೆ ಕುರುಚಲು. ವಸಂತದಲ್ಲಿ ಇಲ್ಲಿ ನೆಲ ಬರಿದು, ಹೂವೆಲ್ಲ ಮರದ ಮೇಲೆ. ನೆಲ ನೋಡುತ್ತಾ ಹತ್ತಿ, ನೆಲ ನೋಡುತ್ತಾ ಇಳಿದು, "ಬರೀ ಮುಳ್ಳು ಕಣ್ರೀ" ಅಂದವರು ಒಮ್ಮೆಯೂ ತಲೆ ಎತ್ತಿರುವುದಿಲ್ಲ. ಇನ್ನು 'ಆ ಒಂದು ವಾರ' ಎಂಬುದಂತೂ ಇಲ್ಲವೇ ಇಲ್ಲ. ಒಂದು ಮರ ಮುಗಿಸುವಾಗ ಇನ್ನೊಂದು ಶುರು ಮಾಡಿರುತ್ತದೆ.

ಶಿವರಾತ್ರಿಯ ಹೊತ್ತಿಗೆ ಮುತ್ತುಗ. ಊಟದ ಎಲೆ ಹಚ್ಚುತ್ತಿದ್ದರಲ್ಲ, ಅದೇ ಮರ. ಎಲೆಯಿಲ್ಲದ ಸೊಟ್ಟ ಕೊಂಬೆಗಳ ತುದಿಗೆಲ್ಲ ಕೇಸರಿ ಗೊಂಚಲು. ಕೆಳಗೆ ಬಿದ್ದಿರುವ ಒಂದು ಹೂ ಎತ್ತಿಕೊಳ್ಳಿ. ತೊಟ್ಟಿನ ಬಟ್ಟಲು ಕಪ್ಪಗೆ, ಮುಟ್ಟಿದರೆ ಮಖಮಲ್ಲು. ಒಂದು ಎಸಳು ಗಿಳಿಯ ಕೊಕ್ಕಿನಂತೆ ಬಾಗಿದೆ. ಸಂಸ್ಕೃತದವರು ಕಿಂಶುಕ, 'ಗಿಳಿಯೋ ಏನು?' ಎಂದು ಕರೆದದ್ದು ಅದಕ್ಕೇ. ಬುಡದಲ್ಲಿ ಮಕರಂದ ಇರುತ್ತದೆ, ಬೆಳಿಗ್ಗೆ ಸೂರಕ್ಕಿ, ಗೊರವಂಕ, ಅಳಿಲು ಎಲ್ಲಕ್ಕೂ ಅಲ್ಲೇ ತಿಂಡಿ. ಅದೇ ದಿನಗಳಲ್ಲಿ ಕಲ್ಲುಗುಡ್ಡಗಳ ಮೇಲೆ ಅರಿಶಿನ ಬೂರುಗ, ಅಂಗೈಯಗಲದ ಹಳದಿ ಹೂ. ಯುಗಾದಿ ಸುತ್ತಮುತ್ತ ಬೇವು, ಹೊಂಗೆ. ಬಿಸಿಲು ಏರಿ ಏಪ್ರಿಲ್ ಕೊನೆ, ಮೇ ಬಂತೆಂದರೆ ಕಕ್ಕೆ.

ನಡುವೆ ಒಂದನ್ನು ಬೇಕೆಂದೇ ಬಿಟ್ಟೆ. ದುರ್ಗಕ್ಕೆ ಬರುವುದಾದರೆ ಜಾಲಾರಿ ಮರದ ಹೂವಿಗಾಗಿ ಬನ್ನಿ. ಫಾಲ್ಗುಣದ ಹುಣ್ಣಿಮೆಗೆ ಭೋಗ ನರಸಿಂಹಸ್ವಾಮಿಯ ತೇರು, ಅದರ ಆಚೀಚೆಗೇ ಇದರ ಕಾಲ. ಬೆಟ್ಟದ ಬುಡದ ನಾಮದ ಚಿಲುಮೆ ಎಂಬ ಬುಗ್ಗೆ ದಾಟಿ ರಸ್ತೆ ಏರುವಾಗ ಗಾಡಿಯ ಕಿಟಕಿ ಇಳಿಸಿ. ಬೆಳಿಗ್ಗೆ ಆರೂವರೆಯಿಂದ ಎಂಟರ ಒಳಗಾದರೆ ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತದೆ. ಹೂ ಚಿಕ್ಕದು, ಕೆನೆ ಬಣ್ಣ. ಐದೂ ಎಸಳು ಒಂದೇ ಕಡೆಗೆ ತಿರುಚಿಕೊಂಡು ಗಿರಗಿಟ್ಲೆಯ ಹಾಗೆ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನೋಡಿ, ಎದುರು ಬಿಸಿಲಿನಲ್ಲಿ ಬೂದು ಕೊಂಬೆಗೂ ಹೂವಿಗೂ ವ್ಯತ್ಯಾಸ ಕಾಣುವುದಿಲ್ಲ. ಹನ್ನೊಂದಕ್ಕೆ ತಿಂಡಿ ಮುಗಿಸಿ ಬಂದರೆ ವಾಸನೆಯೂ ಇಲ್ಲ, ಹಕ್ಕಿಯೂ ಇಲ್ಲ. ಬಂಡೆಗಳಲ್ಲಿ ಹೆಜ್ಜೇನು ಕಟ್ಟುತ್ತದೆ, ಆದ್ದರಿಂದ ಸೆಂಟು ಹಾಕಿಕೊಂಡು ಬರಬೇಡಿ, ಬೀಡಿ ಸಿಗರೇಟು ಹಚ್ಚಬೇಡಿ. ಒಬ್ಬೊಬ್ಬರಿಗೂ ಎರಡು ಲೀಟರ್ ಕುಡಿಯುವ ನೀರು ಇರಲಿ. ರಸ್ತೆ, ಮೆಟ್ಟಿಲು ಬಿಟ್ಟು ಒಳಗೆ ನುಗ್ಗಬೇಡಿ. ಕರಡಿ, ಚಿರತೆ ಇರುವ ಕಾಡು, ಮೀಸಲು ಅರಣ್ಯ.

ಇಷ್ಟೆಲ್ಲ ಕೇಳುವವರು ಒಂದು ಮಾತನ್ನು ಯಾಕೆ ಕೇಳುವುದಿಲ್ಲ? ಕೆರೆ ಬತ್ತಿ, ಬೋರ್‌ವೆಲ್ ಗಾಳಿ ಉಗುಳುವ ಹೊತ್ತಿನಲ್ಲಿ ಈ ಮರಗಳಿಗೆ ಹೂ ಬಿಡುವಷ್ಟು ನೀರು ಎಲ್ಲಿಂದ ಬಂತು?

ಎಲೆ ಉದುರಿಸಿದ್ದರಿಂದ ಬಂತು. ನೀರು ಆವಿಯಾಗಿ ಹೋಗುವುದು ಹೆಚ್ಚಾಗಿ ಎಲೆಯ ದಾರಿಯಲ್ಲೇ. ಎಲೆ ಬಿದ್ದ ಮೇಲೆ ಬೇರು ಆಳದಿಂದ ಎಳೆದದ್ದು ಕಾಂಡದಲ್ಲೇ ಉಳಿಯುತ್ತದೆ, ಆ ಉಳಿತಾಯದಲ್ಲಿ ಹೂ. ಬೋಳು ಕೊಂಬೆಯ ಮೇಲಿನ ಹೂ ಹಕ್ಕಿಗೂ ಜೇನಿಗೂ ದೂರದಿಂದಲೇ ಕಾಣುತ್ತದೆ. ಬೀಜದ ಲೆಕ್ಕವೂ ಇದೆ. ಜಾಲಾರಿಯ ಕಾಯಿಗೆ ಮೂರು ಉದ್ದ, ಎರಡು ಗಿಡ್ಡ ರೆಕ್ಕೆ, ಸುತ್ತುತ್ತಾ ಇಳಿಯುತ್ತದೆ. ಆ ಬೀಜಕ್ಕೆ ಕಾಯುವ ಶಕ್ತಿ ಇಲ್ಲ, ಬಿದ್ದ ಕೆಲವೇ ದಿನಗಳಲ್ಲಿ ಹಸಿ ನೆಲ ಸಿಗದಿದ್ದರೆ ಒಣಗಿ ಸಾಯುತ್ತದೆ. ಅದಕ್ಕೇ ಈಗ ಹೂ ಬಿಟ್ಟು ಮಳೆಯ ಬಾಗಿಲಿಗೆ ಕಾಯಿ ಉದುರಿಸಬೇಕು. ಮುತ್ತುಗದ್ದೂ ಅದೇ ಹಾದಿ, ಚಪ್ಪಟೆ ಕಾಯಿಯ ತುದಿಯಲ್ಲಿ ಒಂದೇ ಬೀಜ, ಗಾಳಿಗೆ ಹಾರಲು ಸಿದ್ಧ. ಕಕ್ಕೆಗೆ ಮಾತ್ರ ಅವಸರವಿಲ್ಲ. ಮೊಳದುದ್ದದ ಅದರ ಕಾಯಿ ಹಣ್ಣಾಗಲು ಹತ್ತಿರ ಹತ್ತಿರ ಒಂದು ವರ್ಷ, ಬೀಜದ ಸಿಪ್ಪೆಯೂ ಗಟ್ಟಿ.

ಈ ಲೆಕ್ಕವನ್ನು ಕೆಡಿಸುವುದು ಬೆಂಕಿ. ಹುಲ್ಲು ಚೆನ್ನಾಗಿ ಚಿಗುರುತ್ತದೆ ಎಂದು ಫೆಬ್ರವರಿ ಮಾರ್ಚಿನಲ್ಲಿ ಬಾದೆಹುಲ್ಲಿಗೆ ಕಡ್ಡಿ ಗೀರುತ್ತಾರೆ. ದೊಡ್ಡ ಮರ ತಡೆದುಕೊಳ್ಳಬಹುದು. ಹಿಂದಿನ ಮಳೆಗೆ ಹುಟ್ಟಿದ ಗೇಣುದ್ದದ ಜಾಲಾರಿ ಸಸಿಗಳು ತಡೆಯುವುದಿಲ್ಲ. ಹೂ ತುಂಬಿದ ಮರದ ಕೆಳಗೆ ಒಂದೂ ಮರಿ ಇಲ್ಲದಿದ್ದರೆ ಆ ಕಾಡಿಗೆ ವಯಸ್ಸಾಗುತ್ತಿದೆ ಎಂದರ್ಥ, ಹೂ ನೋಡಲು ಬಂದವರು ಅದನ್ನೂ ನೋಡಿ. ಎಲ್ಲಾದರೂ ಹೊಗೆ ಕಂಡರೆ ಫೋಟೋ ಆಮೇಲೆ, ಮೊದಲು ಅರಣ್ಯ ಇಲಾಖೆಯವರಿಗೆ ತಿಳಿಸಿ.

ನೆಲದ ಹೂವೇ ಬೇಕು ಎನ್ನುವವರು ಗೌರಿ ಹಬ್ಬದ ಹೊತ್ತಿಗೆ ಬನ್ನಿ. ಪೊದೆಗಳ ಮೇಲೆ ಗೌರಿ ಹೂ, ಕೆಂಪು ಹಳದಿ ಬೆಂಕಿಯ ನಾಲಗೆ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಗಿಡ ಹಿಡಿದು ಹತ್ತುತ್ತದೆ. ಗಿಡವೆಲ್ಲ ವಿಷ, ಗೆಡ್ಡೆ ಇನ್ನೂ ಹೆಚ್ಚು, ಮಕ್ಕಳ ಕೈಗೆ ಕೊಡಬೇಡಿ.

ಬೇಸಿಗೆಯ ಬರಿನೆಲದಲ್ಲೂ ಒಂದು ಇದೆ, ಕಾಡೀರುಳ್ಳಿ. ಎಲೆಯೇ ಇಲ್ಲ, ಒಣ ಮಣ್ಣಿನಿಂದ ನೇರ ಒಂದು ದಂಟು. ಗೆಡ್ಡೆ ಮಣ್ಣಿನೊಳಗಿರುವುದರಿಂದ ಮೇಲಿನ ಹುಲ್ಲು ಉರಿದರೂ ಅದು ಬದುಕಿರುತ್ತದೆ. ಹಗಲಲ್ಲಿ ನೋಡಿದರೆ ಯಾರೋ ನೆಟ್ಟ ಒಣಕಡ್ಡಿ. ಸಂಜೆ ಬಿಸಿಲು ಇಳಿದ ಮೇಲೆ ರಸ್ತೆ ಬದಿಯಲ್ಲೇ ನಿಂತು ಕಾಯಿರಿ, ಕೆಳಗಿನ ಮೊಗ್ಗುಗಳಿಂದ ಮೇಲಕ್ಕೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ.