ಕೂಲರ್ ಗಾಳಿಗೆ ಮಂಕಾದ ಚೌಡಿಕೆ

ಕೊಪ್ಪಳದ ಒಂದು ಮೈಕ್‌ಸೆಟ್ ಅಂಗಡಿಯಲ್ಲಿ ನಾನು ಹನ್ನೊಂದು ವರ್ಷಗಳಿಂದ ಆಪರೇಟರ್ ಆಗಿದ್ದೇನೆ. ಮದುವೆಯ ಆರ್ಕೆಸ್ಟ್ರಾ, ಶ್ರಾವಣದ ಪುರಾಣ ಪ್ರವಚನ, ಚುನಾವಣೆಯ ಬಹಿರಂಗ ಸಭೆ ಎಲ್ಲವನ್ನೂ ನಿಭಾಯಿಸಿದ ಕೈಗೆ ನೂರು ಕುರ್ಚಿಯ ಸಭಾಂಗಣದಲ್ಲಿ ನಡೆಯುವ ಜಾನಪದ ಕಾರ್ಯಕ್ರಮ ಒಂದು ಲೆಕ್ಕವೇ ಅಲ್ಲವೆಂದು ನಾನು ನಂಬಿದ್ದೆ. ಕಳೆದ ಬೇಸಿಗೆಯ ಒಂದು ಸಂಜೆ ಸುಮಾರು ಏಳು ನಿಮಿಷಗಳಲ್ಲಿ ಆ ನಂಬಿಕೆ ಹೋಯಿತು.

2021ರಲ್ಲಿ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು ಪದ್ಮಶ್ರೀ ಪಡೆದ ಮೇಲೆ, ಅದುವರೆಗೆ ಗುಡಿಯಂಗಳದಲ್ಲಿ ಕೇಳಿಬರುತ್ತಿದ್ದ ಚೌಡಿಕೆ ಪದಗಳನ್ನು, ಅಂದರೆ ತಳಕ್ಕೆ ಚರ್ಮ ಬಿಗಿದ ತಂತಿವಾದ್ಯವಾದ ಚೌಡಿಕೆಯನ್ನು ಮೀಟುತ್ತ ಎಲ್ಲಮ್ಮನ ಭಕ್ತೆಯರಾದ ಜೋಗತಿಯರು ಹಾಡುವ ಪದಗಳನ್ನು, ಸಭಾಂಗಣಕ್ಕೆ ಕರೆತರುವ ಆರ್ಡರ್‌ಗಳು ನಮ್ಮ ಅಂಗಡಿಗೂ ಆಗಾಗ ಬರತೊಡಗಿದ್ದವು. ಅಂದಿನದೂ ಅಂಥದ್ದೇ. ಹುಲಿಗೆಮ್ಮನ ಗುಡಿಯಿರುವ ಹುಲಿಗಿಯ ಕಡೆಯಿಂದ ಬಂದಿದ್ದ ನಾಲ್ವರು ಜೋಗತಿಯರು, ಒಂದು ಚೌಡಿಕೆ, ಆಸರೆಯ ಸ್ವರ ಕೊಡುವ ಶ್ರುತಿ ಎಂಬ ವಾದ್ಯ ಒಂದು, ತಾಳ ಮತ್ತು ಹಿಮ್ಮೇಳದ ದನಿ, ಇಷ್ಟೇ. ನಮ್ಮ ಮಾಲೀಕರು ಇಷ್ಟಕ್ಕೆ ಎಂಟು ಮೈಕ್ ಕಳಿಸಿದ್ದರು. ಬಿಲ್ಲನ್ನು ಮೈಕ್‌ಗಳ ಲೆಕ್ಕದಲ್ಲಿ ಬರೆಯುವುದು ಅವರ ಪದ್ಧತಿ. ವೇದಿಕೆಯ ತುಂಬ ಸ್ಟ್ಯಾಂಡ್‌ಗಳು ಕಾಣದಿದ್ದರೆ ಆಯೋಜಕರಿಗೆ ದುಡ್ಡು ಕೊಟ್ಟ ಸಮಾಧಾನವಿರುವುದಿಲ್ಲ ಎಂಬುದು ಅವರ ಸಿದ್ಧಾಂತ. ಅದರ ಜೊತೆಗೆ ಡಿಜಿಟಲ್ ಮಿಕ್ಸರ್‌ನಲ್ಲಿ ಅವರೇ ಕೂಡಿಸಿಟ್ಟ ‘ಫೋಕ್’ ಎಂಬ ಪ್ರಿಸೆಟ್ ಒಂದಿದೆ. ಡೊಳ್ಳಾಗಲಿ, ಏಕತಾರಿಯಾಗಲಿ, ಎಲ್ಲಕ್ಕೂ ಅದೇ ಗೇಟ್ (ಸಣ್ಣ ಸದ್ದನ್ನು ತಾನಾಗಿಯೇ ಮುಚ್ಚಿಬಿಡುವ ವ್ಯವಸ್ಥೆ), ಅದೇ ಎಕೋ, 120 ಹರ್ಟ್ಸ್‌ನ ಕೆಳಗೆ ಅದೇ ಕತ್ತರಿ.

ಮಧ್ಯಾಹ್ನ ಮೂರಕ್ಕೆ ಸೌಂಡ್ ಚೆಕ್ ಮಾಡಿದಾಗ ಎಲ್ಲವೂ ಸೊಗಸಾಗಿತ್ತು. ಖಾಲಿ ಸಭಾಂಗಣದಲ್ಲಿ ಚೌಡಿಕೆಯ ಒಂದೊಂದು ಮೀಟೂ ಗೋಡೆಗೆ ತಾಗಿ ಮರಳುವಷ್ಟು ಚುರುಕಾಗಿತ್ತು. ಸೀನ್ ಸೇವ್ ಮಾಡಿ ಚಹಾ ಕುಡಿಯಲು ಹೋದೆ. ಐದೂವರೆಗೆ ಉದ್ಘಾಟನೆ ಆರಂಭವಾಗುವ ಹೊತ್ತಿಗೆ ಆಯೋಜಕರು ಅತಿಥಿಗಳಿಗಾಗಿ ವೇದಿಕೆಯ ಎರಡು ಬದಿಗೆ ಎರಡು ದೊಡ್ಡ ಕೂಲರ್‌ಗಳನ್ನು ತಂದಿಟ್ಟು, ಬಕೆಟ್ಟುಗಟ್ಟಲೆ ನೀರು ತುಂಬಿಸಿದರು. ಬಲಗಡೆಯ ಕೂಲರ್ ಎದುರಿನ ಜಮಖಾನೆಯ ಮೇಲೆಯೇ ವಾದ್ಯಗಳನ್ನಿಟ್ಟಿದ್ದರು. ಅದನ್ನು ನಾನು ನೋಡಿದ್ದೆ. ನೋಡಿಯೂ, ಆ ಮೋಟಾರಿನ ಗುಂಯ್‌ಗುಡುವಿಕೆ ಮೈಕ್‌ಗೆ ಸೇರುತ್ತದೆಯಲ್ಲ ಎಂಬ ಒಂದೇ ಚಿಂತೆ ಮಾಡಿದೆ. ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಸನ್ಮಾನಿತರ ಮಾತು, ಅಧ್ಯಕ್ಷರ ಮಾತು ಎಂದು ಒಂದೂವರೆ ತಾಸು ಕಳೆಯಿತು. ಅಷ್ಟು ಹೊತ್ತೂ ಆ ಚರ್ಮದ ವಾದ್ಯ ತೇವದ ಗಾಳಿಗೆ ಮೈಯೊಡ್ಡಿ ಕುಳಿತಿತ್ತು.

ಏಳು ಗಂಟೆಗೆ ಹಿರಿಯ ಜೋಗತಿಯವರು ಚೌಡಿಕೆಯನ್ನು ಕಂಕುಳಿಗೆ ಸೇರಿಸಿ ಮೊದಲ ಮೀಟು ಹಾಕಿದರು. ಬಂದ ಸದ್ದು ಹಸಿ ಮಣ್ಣಿನ ಮೇಲೆ ಅಂಗೈ ಬಡಿದಂತಿತ್ತು. ಕೇಬಲ್ ಕೈಕೊಟ್ಟಿದೆ ಎಂದುಕೊಂಡು ನಮ್ಮ ಹುಡುಗನನ್ನು ಓಡಿಸಿ ಕೇಬಲ್ ಬದಲಿಸಿದೆ. ಅದೇ ಸದ್ದು. ಜನ ತುಂಬಿದಾಗ ಮೈ ಬಟ್ಟೆಗಳು ತೀಕ್ಷ್ಣ ಸ್ವರಗಳನ್ನು ಹೀರುತ್ತವೆ ಎಂಬುದು ನನಗೆ ತಿಳಿದ ವಿಷಯ. ತಿಳಿದದ್ದೇ ಇಲ್ಲಿ ಕಾರಣವಿರಬೇಕೆಂದು ತೀರ್ಮಾನಿಸಿ, ಎರಡೂವರೆ ಕಿಲೋಹರ್ಟ್ಸ್ ಸುತ್ತಮುತ್ತ ಆರು ಡೆಸಿಬಲ್ ಏರಿಸಿದೆ. ಸಾಲದೆಂದು ಗೇನ್ ಏರಿಸಿದೆ. ಅದೂ ಸಾಲದೆಂದು ಪಕ್ಕದ ಇನ್ನೊಂದು ಮೈಕ್ ತೆರೆದೆ. ತೆರೆದ ಮೈಕ್‌ಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಹೌಲಿಂಗ್ (ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಸೇರಿ ಏಳುವ ಸೀಟಿ) ಶುರುವಾಗುವ ಮುನ್ನ ನಮಗಿರುವ ಅವಕಾಶ ಸುಮಾರು 3 ಡೆಸಿಬಲ್‌ನಷ್ಟು ಕುಗ್ಗುತ್ತದೆ, ಒಂದರಿಂದ ಎಂಟಕ್ಕೆ ಹೋದರೆ 9 ಡೆಸಿಬಲ್ ಹೋಯಿತು ಎಂದು ಹೊಸ ಹುಡುಗರಿಗೆ ಪಾಠ ಹೇಳುವವನು ನಾನೇ.

ಹೌಲಿಂಗ್ ಮೊದಲು ಸಣ್ಣ ಸೀಟಿಯಾಗಿ ಹುಟ್ಟಿತು. ಅದನ್ನು ತಡೆಯುವ ಅವಸರದಲ್ಲಿ ನಾನು ಎಳೆದದ್ದು ಚೌಡಿಕೆಯ ಸದ್ದು ಏರಿಳಿಸುವ ಫೇಡರ್ ಅಲ್ಲ, ಶ್ರುತಿಯದ್ದು. ಆ ಶ್ರುತಿಯನ್ನೋ ‘ಫೋಕ್’ ಪ್ರಿಸೆಟ್‌ನ ಗೇಟ್ ಮೊದಲೇ ತುಂಡುತುಂಡಾಗಿ ನುಂಗುತ್ತಿತ್ತು. ಈಗ ಪೂರ್ತಿ ಹೋಯಿತು. ಆಸರೆಯ ಸ್ವರವಿಲ್ಲದೆ ಹಾಡುವವರ ದನಿ ಒಂದು ಕ್ಷಣ ಅಲುಗಿತು, ಸೀಟಿ ಕಿವಿ ಸೀಳುವಂತೆ ಏರಿತು, ಮುಂದಿನ ಸಾಲಿನ ಮಗುವೊಂದು ಅಳತೊಡಗಿತು, ನೂರು ತಲೆಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ಮಾಸ್ಟರ್ ಎಳೆದು ಎಲ್ಲವನ್ನೂ ಮುಚ್ಚಿದೆ. ಆ ಮೌನದಲ್ಲಿ ಕೂಲರ್‌ಗಳ ಸದ್ದೊಂದೇ ಉಳಿದಿತ್ತು.

ಹಿರಿಯರು ಸಿಟ್ಟಾಗಲಿಲ್ಲ. ಚೌಡಿಕೆಯ ತಳದ ಚರ್ಮವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, “ತಮ್ಮಾ, ನಿನ್ನ ಮೈಕಿಂದೇನ ತಪ್ಪಿಲ್ಲಪಾ. ಆ ಗಾಳಿ ಪೆಟಗಿ ಬಂದ್ ಮಾಡಸು. ಚರ್ಮ ನೀರ ಕುಡದೈತಿ” ಎಂದರು.

“ಆತು ಯವ್ವಾ” ಎಂದೆನೇ ಹೊರತು, ಆ ಮಾತು ನನ್ನ ತಲೆಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವರು ವೇದಿಕೆಯಿಂದಿಳಿದು, ಪಕ್ಕದ ಬಾಗಿಲಿನಿಂದ ಹೊರಗೆ ಹೋದರು. ನಾನೂ ಹಿಂದೆಯೇ ಹೋದೆ. ಹೊತ್ತು ಮುಳುಗಿತ್ತಾದರೂ ನಮ್ಮೂರಿನ ಕಲ್ಲು ಗೋಡೆಗಳು ಬೇಸಿಗೆಯಲ್ಲಿ ರಾತ್ರಿಯ ಊಟದ ಹೊತ್ತಿನವರೆಗೂ ಕಾದಿರುತ್ತವೆ. ಕಂಪೌಂಡ್ ಗೋಡೆಯ ಚಪ್ಪಡಿಯ ಮೇಲೆ ಚೌಡಿಕೆಯನ್ನು ಚರ್ಮ ಕೆಳಗಾಗುವಂತೆ ಇಟ್ಟು, ಆಗಾಗ ಎತ್ತಿ ಬೆರಳಿನಿಂದ ತಟ್ಟಿ, ಮತ್ತೆ ಇಡುತ್ತಿದ್ದರು. ಹಲಗೆ ಬಾರಿಸುವವರು ಹುಲ್ಲಿನ ಬೆಂಕಿಗೆ ಹಲಗೆಯನ್ನು ಹಿಡಿದು ಕಾಯಿಸುವುದನ್ನು ನಾನು ಚಿಕ್ಕಂದಿನಿಂದ ನೋಡಿದವನು. ತೇವ ಹೀರಿದ ಚರ್ಮ ಸಡಿಲವಾಗುತ್ತದೆ, ಅದಕ್ಕೆ ಕಟ್ಟಿದ ತಂತಿಯೂ ಸಡಿಲಾಗುತ್ತದೆ, ಸ್ವರ ಇಳಿದು ಮಂಕಾಗುತ್ತದೆ ಎನ್ನುವುದಕ್ಕೆ ಮಿಕ್ಸರ್‌ನ ಪರದೆಯಲ್ಲಿ ಏನು ಕಾಣಬೇಕು? ಕಾರಣ ಕೋಣೆಯಲ್ಲಿತ್ತು, ನಾನು ಅದನ್ನು ಗುಂಡಿಗಳಲ್ಲಿ ಹುಡುಕುತ್ತಿದ್ದೆ.

ಕೂಲರ್ ನಿಲ್ಲಿಸಿದ್ದಕ್ಕೆ ಆಯೋಜಕರೊಬ್ಬರು ನನ್ನ ಮೇಲೆ ರೇಗಿದರು. ಅತಿಥಿಗಳು ಆಮಂತ್ರಣ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತ ಕುಳಿತರು. ಅವರಲ್ಲಿ ಇಬ್ಬರು ಎದ್ದು ಹೋದದ್ದರಿಂದ ನಷ್ಟವೇನೂ ಆಗಲಿಲ್ಲ.

ಹತ್ತು ನಿಮಿಷದ ನಂತರ ಹಿರಿಯ ಜೋಗತಿಯವರು ಮತ್ತೆ ಮೀಟಿದಾಗ ಮೈಕ್ ಇನ್ನೂ ಮುಚ್ಚಿಯೇ ಇತ್ತು, ಆದರೂ ಸದ್ದು ನನ್ನ ಟೇಬಲ್ಲಿನವರೆಗೆ ನೇರವಾಗಿ ಬಂತು. ಕೈ ಫೇಡರ್ ಮೇಲೆಯೇ ಇತ್ತು. ಏರಿಸಬೇಕೋ ಬೇಡವೋ ಎಂದು ಯೋಚಿಸಿ, ಕೊನೆಗೆ ನಾಲ್ವರ ಮುಂದೆ ಎರಡು ಅಡಿ ದೂರದಲ್ಲಿ ಒಂದೇ ಮೈಕ್ ಉಳಿಸಿ, ಪ್ರಿಸೆಟ್ ತೆಗೆದುಹಾಕಿ, ಹಿಂದಿನ ಸಾಲಿಗೆ ಮಾತು ತಿಳಿಯುವಷ್ಟು ಮಾತ್ರ ತೆರೆದೆ. ಆಮೇಲೆ ಮಾಡಲು ಕೆಲಸವೇ ಇರಲಿಲ್ಲ. ಗೋಡೆಯ ಬದಿಯ ಖಾಲಿ ಕುರ್ಚಿಯಲ್ಲಿ ಕುಳಿತೆ. ಹನ್ನೊಂದು ವರ್ಷಗಳಲ್ಲಿ ನೂರಾರು ಕಾರ್ಯಕ್ರಮಗಳಿಗೆ ಹೋಗಿದ್ದೇನೆ, ಆದರೆ ಕೇಳುವವರ ನಡುವೆ ಕುಳಿತದ್ದು ಅದೇ ಮೊದಲು. ತಂತಿಯ ಬಿಗಿಯನ್ನು ಬದಲಿಸಿ ಸ್ವರವನ್ನು ಜಾರಿಸುತ್ತ ಅವರು ಎಲ್ಲಮ್ಮನ ಪದದ ಒಂದು ಸಾಲನ್ನು ಚೌಡಿಕೆಯಿಂದಲೇ ಕೇಳಿಸಿ, ಮರುಸಾಲನ್ನು ಬಾಯಿಂದ ಹೇಳಿದರು. ಹಿಂದಿನವರು ‘ಹಾ’ ಎಂದು ದನಿಗೂಡಿಸುವ ಮೊದಲು ಎಳೆಯುವ ಉಸಿರೂ ಕೇಳುತ್ತಿತ್ತು. ಹುಣ್ಣಿಮೆಯ ದಿನ ಹುಲಿಗಿಯ ಜನಜಂಗುಳಿಯಲ್ಲಿ, ಯಾವ ಮೈಕೂ ಇಲ್ಲದೆ, ನದಿಯ ದಾರಿಯಲ್ಲಿ ನಡೆಯುವವರನ್ನು ನಿಲ್ಲಿಸುವ ದನಿಗಳಿವು. ನೂರು ಕುರ್ಚಿಯ ಸಭಾಂಗಣಕ್ಕೆ ಇವರಿಗೆ ನನ್ನಿಂದ ಆಗಬೇಕಾದದ್ದು ಎಷ್ಟು ಕಡಿಮೆ ಎಂದು ತಿಳಿದಾಗ ನಾಚಿಕೆಯೂ ಆಯಿತು, ಒಂದು ಬಗೆಯ ನಿರಾಳವೂ ಆಯಿತು.

ರಾತ್ರಿ ಗಾಡಿಗೆ ಸಾಮಾನು ತುಂಬುವಾಗ ಮಾಲೀಕರ ಫೋನ್ ಬಂತು. ಎಂಟು ಮೈಕ್ ಕಳಿಸಿದರೆ ಏಳನ್ನು ಮುಚ್ಚಿದ್ದೇಕೆ ಎಂದು ಆಯೋಜಕರು ಕೇಳಿದರಂತೆ. ಬಿಲ್ಲು ಎಂಟಕ್ಕೇ ಆಯಿತು.

ಈಗ ಇಂಥ ಬುಕಿಂಗ್ ಬಂದಾಗ ಎಷ್ಟು ಮೈಕ್ ಬೇಕೆಂದು ಕೇಳುವ ಮೊದಲು ಸಭಾಂಗಣದಲ್ಲಿ ಕೂಲರ್ ಇದೆಯೇ ಎಂದು ಕೇಳುತ್ತೇನೆ. ಇದೆ ಎಂದರೆ ನನ್ನ ಟೇಬಲ್ಲನ್ನು ಅದರ ಸ್ವಿಚ್ಚಿನ ಪಕ್ಕದಲ್ಲಿಯೇ ಹಾಕಿಕೊಳ್ಳುತ್ತೇನೆ. ಭಾಷಣ ಮುಗಿಯುವವರೆಗೆ ಚರ್ಮದ ವಾದ್ಯಗಳು ಹೊರಗಿನ ಕಟ್ಟೆಯ ಮೇಲಿರುತ್ತವೆ, ಕಾಯಲು ನಮ್ಮ ಹುಡುಗನಿರುತ್ತಾನೆ. ‘ಫೋಕ್’ ಪ್ರಿಸೆಟ್ ಮಾತ್ರ ಮಿಕ್ಸರ್‌ನಲ್ಲಿ ಇನ್ನೂ ಹಾಗೆಯೇ ಇದೆ. ಅದನ್ನು ಅಳಿಸುವ ಪಾಸ್‌ವರ್ಡ್ ಮಾಲೀಕರ ಬಳಿಯಿದೆ.